ರಾಣಿಪುರಂ: ಮಧ್ಯಾಹ್ನದೊಳಗೆ ಇಳಿಯಬೇಕಾದ ಬೆಟ್ಟ

ಹೊರಡುವ ಮೊದಲು

ನಮ್ಮ ಬದಿಯಡ್ಕ, ನೀರ್ಚಾಲು ಕಡೆಯವರಿಗೆ ಬೆಟ್ಟ ಅಂದರೆ ಕೊಡಗು, ಅದಲ್ಲದಿದ್ದರೆ ಚಿಕ್ಕಮಗಳೂರು. ಒಂದೆರಡು ದಿನ ರಜೆ ಸಿಕ್ಕಿದರೆ ಸಾಕು, ಗಾಡಿ ಸಂಪಾಜೆ ಘಾಟಿ ಹತ್ತುತ್ತದೆ. ನಮ್ಮ ಕಾಸರಗೋಡು ಜಿಲ್ಲೆಯಲ್ಲೇ ಸಾವಿರ ಮೀಟರು ದಾಟಿದ ಹುಲ್ಲುಬೆಟ್ಟ ಉಂಟು, ಅದರ ಬುಡದವರೆಗೆ ಟಾರು ರಸ್ತೆ ಉಂಟು ಅಂದರೆ "ಹೌದಾ, ಎಲ್ಲಿ?" ಅಂತ ಕೇಳುವವರೇ ಜಾಸ್ತಿ. ಪನತ್ತಡಿ ಪಂಚಾಯತಿನ ರಾಣಿಪುರಂ ಅದು. ಕಾಞಂಗಾಡಿನಿಂದ 48 ಕಿ.ಮೀ. ಮಲಯಾಳಿಗಳು ಬಸ್ಸು ತುಂಬ ಹೋಗುತ್ತಾರೆ. ಕನ್ನಡದವರು ಹೋದದ್ದು ಕಡಿಮೆ. ಈ ಸಲ ಡೇರೆ ಹಾಕಿ ಉಳಿಯುವುದಾದರೆ ಅಲ್ಲಿಗೇ ಅಂತ ನಾನು ಹಟ ಹಿಡಿದೆ.

ಹೋಗುವವರು ಹತ್ತು ಜನ. ಅಕ್ಕ, ಭಾವ, ಅವರ ಮಗಳು, ಅವಳ ಇಬ್ಬರು ಕಾಲೇಜು ಗೆಳತಿಯರು, ನನ್ನ ಗಂಡ, ಆರನೇ ಕ್ಲಾಸಿನ ಮಗ ಸೇರಿ ನಾವು ಮೂವರು, ಪಕ್ಕದ ಮನೆಯ ಮಾಷ್ಟ್ರು, ಅವರ ಮನೆಯವರು ಟೀಚರಮ್ಮ. ಮಾಷ್ಟ್ರು ಕನ್ನಡ ಶಾಲೆಯಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದವರು. ಅವರ ಎಡ ಮೊಣಕಾಲು ಸ್ವಲ್ಪ ಕೈಕೊಡುತ್ತದೆ. "ನಾನು ಬಂದರೆ ನಿಮಗೆ ಉಪದ್ರ ಆಗ್ತದೆ" ಅಂತ ಅವರು ಹೇಳಿದ್ದಕ್ಕೆ ಭಾವ ಕೂಡಲೇ, "ಉಪದ್ರ ಎಂಥದ್ದು ಮಾಷ್ಟ್ರೇ, ನೀವು ಮುಂದೆ ನಡೀರಿ, ನಾವು ನಿಮ್ಮ ಹಿಂದೆ" ಅಂದರು. ಅದೇ ನಮ್ಮ ತಂಡದ ನಿಯಮವಾಯಿತು. ಎಲ್ಲಕ್ಕಿಂತ ನಿಧಾನ ನಡೆಯುವವರು ಮುಂದೆ. ಗಟ್ಟಿಮುಟ್ಟಾದವರು ಕೊನೆಗೆ, ಕುತ್ತಿಗೆಯಲ್ಲಿ ಒಂದು ಸೀಟಿ. ಗುಂಪು ಕಟ್ಟಿಕೊಂಡು ಬೆಟ್ಟಕ್ಕೆ ಹೋಗುವವರು ಹೀಗೆ ಮಾಡಿದರೆ ಯಾರೂ ಹಿಂದೆ ಉಳಿಯುವುದಿಲ್ಲ, ಯಾರಿಗೂ ಬೇಜಾರಾಗುವುದಿಲ್ಲ.

ನಡಿಗೆ ಹೇಗೆ ಅಂತ ಗೊತ್ತಾಗಲಿ ಅಂತ ಮೊದಲೇ ಒಂದು ಆದಿತ್ಯವಾರ ಪೊಸಡಿಗುಂಪೆ ಹತ್ತಿದೆವು. ಧರ್ಮತ್ತಡ್ಕದ ಹತ್ತಿರ, ಸಮುದ್ರಮಟ್ಟದಿಂದ 1060 ಅಡಿ. ದೊಡ್ಡ ಏರಲ್ಲ. ಆದರೆ ಯಾರಿಗೆ ಎಷ್ಟು ಹೊತ್ತಿಗೆ ಏದುಸಿರು ಬರುತ್ತದೆ, ಯಾರ ಚಪ್ಪಲಿ ಕಲ್ಲಿನ ಮೇಲೆ ಜಾರುತ್ತದೆ ಅಂತ ಅಲ್ಲೇ ಗೊತ್ತಾಯಿತು. ಮೇಲೆ ನಿಂತರೆ ಪಡುವಣದಲ್ಲಿ ಸಮುದ್ರ. ಇಳಿದು ಬಂದ ಮೇಲೆ ಟೀಚರಮ್ಮ ಹೊಸ ಶೂ ತೆಗೆದುಕೊಂಡರು.

ದಿನ ಗೊತ್ತುಮಾಡುವುದೇ ದೊಡ್ಡ ಕೆಲಸ. ತೋಟಕ್ಕೆ ಮದ್ದು ಬಿಟ್ಟು ಮುಗಿದಿರಬೇಕು, ಅಡಿಕೆ ಕೊಯ್ಲು ಶುರುವಾಗಿರಬಾರದು. ನವರಾತ್ರಿ ಪೂಜೆ ಬಿಟ್ಟು ಬರುವ ಹಾಗಿಲ್ಲ. ಕಡೆಗೆ ನವರಾತ್ರಿ ಕಳೆದ ವಾರದ ಶುಕ್ರವಾರ ಅಂತ ಆಯಿತು. ಹಸ್ತ ಮಳೆ ಮುಗಿಯುತ್ತಾ ಬಂದಿತ್ತು, ಚಿತ್ತೆ ಹತ್ತಿರದಲ್ಲಿತ್ತು.

ಈ ಕಾಲದ ಮಳೆಯ ಲೆಕ್ಕ ಬೇರೆ. ಆಟಿಯ, ಅಂದರೆ ಜುಲೈ-ಆಗಸ್ಟಿನ ಮಳೆ ಹೊತ್ತುಗೊತ್ತು ನೋಡುವುದಿಲ್ಲ, ದಿನವಿಡೀ ಹೊಯ್ಯುತ್ತದೆ. ಇದು ಹಾಗಲ್ಲ. ಬೆಳಿಗ್ಗೆ ಆಕಾಶ ತೊಳೆದಿಟ್ಟ ಹಾಗೆ. ಬಿಸಿಲಿಗೆ ನೆಲ ಕಾಯುತ್ತದೆ, ಕಡಲ ಕಡೆಯ ತೇವದ ಗಾಳಿ ಘಟ್ಟ ಹತ್ತುತ್ತದೆ, ಮೇಲೆ ಹೋಗಿ ತಣಿದು ಮೋಡ ಕಟ್ಟುತ್ತದೆ. ಮಧ್ಯಾಹ್ನ ದಾಟಿತೋ, ಗುಡುಗು, ಸಿಡಿಲು, ಮಳೆ. ಸಂಜೆಗೆ ಮತ್ತೆ ಖಾಲಿ. ಮಾಷ್ಟ್ರು ಇದನ್ನು ಕಾಗದದ ಮೇಲೆ ಚಿತ್ರ ಬರೆದು ನನ್ನ ಮಗನಿಗೆ ತೋರಿಸಿದರು. ನಮ್ಮ ಇಡೀ ಕಾರ್ಯಕ್ರಮ ಆ ಚಿತ್ರದ ಮೇಲೆ ನಿಂತಿತು. ಬೆಳಿಗ್ಗೆ ಬೇಗ ಹತ್ತುವುದು, ಮಧ್ಯಾಹ್ನದೊಳಗೆ ಇಳಿಯುವುದು, ಮಳೆಯ ಹೊತ್ತಿಗೆ ಮಾಡಿನ ಅಡಿಯಲ್ಲಿರುವುದು, ಸಂಜೆ ಒಲೆ ಹಚ್ಚುವುದು.

ಇನ್ನೊಂದು ಮುಖ್ಯ ಸಂಗತಿ. ರಾಣಿಪುರಂನ ಕಾಡು ಅರಣ್ಯ ಇಲಾಖೆಯದ್ದು. ಟಿಕೆಟ್ ತೆಗೆದುಕೊಂಡು ಹಗಲು ಹತ್ತಿ ಇಳಿಯಬಹುದು, ಮೇಲೆ ಡೇರೆ ಹಾಕಿ ರಾತ್ರಿ ಉಳಿಯುವ ಹಾಗಿಲ್ಲ. ಆನೆ ಓಡಾಡುವ ಜಾಗ. ಆದ್ದರಿಂದ ಬುಡದಲ್ಲೇ, ಒಂದು ಮನೆಯವರ ಅಂಗಳದಲ್ಲಿ ಡೇರೆಗೆ ಜಾಗ ಕೇಳಿದೆವು. ಪಕ್ಕದಲ್ಲಿ ಪಕ್ಕಾ ಮನೆ, ಶೌಚಾಲಯ, ಬಾವಿ ಇದ್ದರೆ ಮಕ್ಕಳೂ ವಯಸ್ಸಾದವರೂ ಇರುವ ಗುಂಪಿಗೆ ಅದೇ ಒಳ್ಳೆಯದು.

ಡೇರೆಗಳಲ್ಲಿ ಒಂದು ಭಾವನದ್ದು, ಉಳಿದವು ಬಾಡಿಗೆಗೆ ತಂದದ್ದು. ಹೊರಡುವ ಹಿಂದಿನ ದಿನ ಎಲ್ಲವನ್ನೂ ನಮ್ಮ ಅಂಗಳದಲ್ಲಿ ಬಿಡಿಸಿ ನಿಲ್ಲಿಸಿದೆವು. ನಿಲ್ಲಿಸಿದ್ದು ಒಳ್ಳೆಯದಾಯಿತು. ಬಾಡಿಗೆಯ ಡೇರೆಯೊಂದರ ಕೋಲು ನಡುವೆ ಸೀಳಿತ್ತು. ಬದಲು ಕೋಲು ತರಿಸಲು ಹೊತ್ತಿಲ್ಲ. ಭಾವ ತೋಟಕ್ಕೆ ಹೋಗಿ ಒಣಗಿ ಬಿದ್ದ ಅಡಿಕೆಮರದ ಒಂದು ಸಲಾಕೆ ಸೀಳಿ ತಂದರು. ಒಂದು ಗೇಣು ಉದ್ದ ಎರಡು ತುಂಡು ಮಾಡಿ, ಕತ್ತಿಯಲ್ಲಿ ಒಳಮೈ ತುಸು ತೋಡಿ, ಸೀಳಿದ ಜಾಗಕ್ಕೆ ಎರಡೂ ಕಡೆಯಿಂದ ಒತ್ತಿ ಹಿಡಿದರು. ಅಕ್ಕ ಸಣ್ಣ ಹುರಿಹಗ್ಗದಲ್ಲಿ ಸುತ್ತುಸುತ್ತು ಬಿಗಿದಳು. ಮೇಲಿಂದ ಟೇಪು. ಆ ಕೋಲು ಆಮೇಲೆ ಗಾಳಿಗೂ ಬಗ್ಗಲಿಲ್ಲ.

ಸಾಮಾನು ಮನೆಮನೆಗೆ ಹಂಚಿದೆವು. ಅಕ್ಕಿ, ಪಾತ್ರೆ ನಮ್ಮದು. ಅವಲಕ್ಕಿ, ಸಜ್ಜಿಗೆ, ತೆಂಗಿನಕಾಯಿ ಅಕ್ಕನದ್ದು. ಉಪ್ಪಿನಕಾಯಿ, ಹಪ್ಪಳ, ಮದ್ದಿನ ಪೆಟ್ಟಿಗೆ ಟೀಚರಮ್ಮನದ್ದು. ಸೌದೆ ಮಾತ್ರ ಎಲ್ಲರೂ. ಕಾಡಿನ ಸೌದೆ ಮುಟ್ಟಬಾರದು, ಮುಟ್ಟಿದರೂ ಈ ಕಾಲದಲ್ಲಿ ಹಸಿ. ಎರಡು ಗೋಣಿ ಗೆರಟೆ (ತೆಂಗಿನ ಚಿಪ್ಪು), ಒಂದು ಗೋಣಿ ಒಣ ಕೊತ್ತಳಿಗೆ (ತೆಂಗಿನ ಗರಿಯ ಬುಡ) ಕಟ್ಟಿಕೊಂಡೆವು. ಗೆರಟೆಯ ಕೆಂಡ ತುಂಬ ಹೊತ್ತು ನಿಲ್ಲುತ್ತದೆ, ಹೊಗೆಯೂ ಕಡಿಮೆ. ನಮ್ಮ ಊರಿನವರು ಡೇರೆ ಹಾಕಲು ಹೋಗುವುದಾದರೆ ಪೇಟೆಯಲ್ಲಿ ಇದ್ದಿಲು ಕೊಳ್ಳುವ ಅಗತ್ಯವೇ ಇಲ್ಲ.

ಮೊದಲ ದಿನ: ಪಯಸ್ವಿನಿ ದಾಟಿ

ಬೆಳಿಗ್ಗೆ ಸಜ್ಜಿಗೆ ಬಜಿಲು ತಿಂದು ಎರಡು ಗಾಡಿಯಲ್ಲಿ ಹೊರಟೆವು. ಮುಳ್ಳೇರಿಯ, ಬಂದಡ್ಕ, ಕೋಳಿಚ್ಚಾಲ್, ಅಲ್ಲಿಂದ ಪನತ್ತಡಿ. ಕಾಸರಗೋಡು, ಕಾಞಂಗಾಡು ಸುತ್ತಿ ಹೋಗುವುದಕ್ಕಿಂತ ಇದು ಚಂದ. ನಂದಾರಪದವಿನಲ್ಲಿ ಶುರುವಾಗುವ ಮಲೆನಾಡು ಹೆದ್ದಾರಿ ಈಗ ಈ ಕಡೆಯ ಓಡಾಟವನ್ನೇ ಬದಲಿಸಿದೆ.

ಪಯಸ್ವಿನಿ ದಾಟುವಾಗ ಗಾಡಿ ನಿಲ್ಲಿಸಿದೆವು. ಕೊಡಗಿನ ಬೆಟ್ಟದಲ್ಲಿ ಹುಟ್ಟಿ, ಸುಳ್ಯ ದಾಟಿ ಬರುವ ಈ ಹೊಳೆಯೇ ಮುಂದೆ ಚಂದ್ರಗಿರಿಯಾಗಿ ಕಾಸರಗೋಡಿನ ಹತ್ತಿರ ಕಡಲು ಸೇರುವುದು. ತುಳುನಾಡಿನ ಗಡಿ ಇದು ಅಂತ ಹಿರಿಯರು ಹೇಳುತ್ತಾ ಬಂದಿದ್ದಾರೆ. ನೀರು ಇನ್ನೂ ಚಹಾದ ಬಣ್ಣದಲ್ಲೇ ಇತ್ತು, ಆದರೆ ಅಂಚಿನ ಕಲ್ಲುಗಳು ಮೇಲೆ ಬಂದಿದ್ದವು. ಮಳೆಗಾಲ ಹಿಂದೆ ಸರಿಯುವುದು ಹೊಳೆಯಲ್ಲಿ ಮೊದಲು ಕಾಣುತ್ತದೆ ಅಂದರು ಮಾಷ್ಟ್ರು.

ಬಂದಡ್ಕ ಕಳೆದ ಮೇಲೆ ಊರಿನ ರೂಪ ಬದಲಾಗುತ್ತದೆ. ಅಡಿಕೆ ತೋಟದ ಜಾಗದಲ್ಲಿ ಗುಡ್ಡದ ತುಂಬ ರಬ್ಬರ್. ಪ್ರತಿ ಮರಕ್ಕೂ ಪ್ಲಾಸ್ಟಿಕ್ಕಿನ ಸಣ್ಣ ಲಂಗ. ಮಳೆನೀರು ಹಾಲಿನ ಕಪ್ಪಿಗೆ ಇಳಿಯಬಾರದು ಅಂತ. ಅಂಗಡಿ ಬೋರ್ಡುಗಳಲ್ಲಿ ಕನ್ನಡ ನಿಂತುಹೋಗುತ್ತದೆ. ಆದರೆ ಬಾಯಲ್ಲಿ ನಿಲ್ಲುವುದಿಲ್ಲ. ಕೋಳಿಚ್ಚಾಲಿನಲ್ಲಿ ಚಹಾ ಕುಡಿಯಲು ಇಳಿದು ನಾನು ಹರಕುಮುರುಕು ಮಲಯಾಳದಲ್ಲಿ ಕೇಳಿದರೆ, ಅಂಗಡಿಯವರು "ನೀವು ಕನ್ನಡದಲ್ಲೇ ಮಾತಾಡಿ, ನಾನು ಸುಳ್ಯದಲ್ಲಿ ಎಂಟು ವರ್ಷ ಇದ್ದವ" ಅಂದರು. ನೇಂದ್ರ ಬಾಳೆಹಣ್ಣಿನ ಬಿಸಿ ಪಳಂಪೊರಿ ಎಣ್ಣೆಯಿಂದ ಆಗಷ್ಟೇ ತೆಗೆದದ್ದು. ಹೊರಗೆ ಗರಿಗರಿ, ಒಳಗೆ ಜೇನಿನ ಹಾಗೆ ಮೆತ್ತಗೆ. ಮಗ ಒಬ್ಬನೇ ಮೂರು ತಿಂದ.

ಅಂಗಡಿಯವರದ್ದೇ ಸಲಹೆ, "ಪೆಟ್ರೋಲು ಇಲ್ಲೇ ತುಂಬಿಸಿ, ದುಡ್ಡೂ ಇಲ್ಲೇ ತೆಗೀರಿ, ಮೇಲೆ ನೆಟ್‌ವರ್ಕ್ ಬಂದರೆ ಬಂತು." ಹಾಗೇ ಮಾಡಿದೆವು. ಮೇಲೆ ಹೋದ ಮೇಲೆ ಆ ಮಾತು ನಿಜವಾಯಿತು.

ಪನತ್ತಡಿಯಿಂದ ಮುಂದೆ ಏರು. ಸುಮಾರು 10 ಕಿ.ಮೀ., ತಿರುವಿನ ಮೇಲೆ ತಿರುವು. ಒಂದು ತಿರುವಿನಲ್ಲಿ ರಸ್ತೆಯ ಮೇಲೆ ಕೆಂಪು ಮಣ್ಣು ಕೊಚ್ಚಿ ಬಂದಿತ್ತು. ನಮ್ಮ ಗಾಡಿಯ ಹಿಂದಿನ ಚಕ್ರ ಸುಮ್ಮನೆ ತಿರುಗಿತು, ಮುಂದೆ ಹೋಗಲಿಲ್ಲ. ಎಲ್ಲರೂ ಇಳಿದೆವು. ಹುಡುಗಿಯರು ಗೋಣಿಯಿಂದ ಕೊತ್ತಳಿಗೆ ತೆಗೆದು ಚಕ್ರದ ಮುಂದೆ ಅಡ್ಡಡ್ಡ ಹಾಸಿದರು. ಎರಡನೇ ಪ್ರಯತ್ನಕ್ಕೆ ಹತ್ತಿತು. ಕೆಸರಾದ ಕೊತ್ತಳಿಗೆಯನ್ನು ಅಕ್ಕ ಬಿಸಾಡಲು ಬಿಡಲಿಲ್ಲ, ಒರೆಸಿ ಮತ್ತೆ ಗೋಣಿಗೆ ಹಾಕಿದಳು. ರಾತ್ರಿ ಅದೂ ಉರಿಯಿತು.

ಡೇರೆಗೆ ಜಾಗ ಕೊಟ್ಟ ಮನೆಯವರು ಗೇಟಿನಲ್ಲೇ ನಿಂತಿದ್ದರು. ನಾವು ಅವರನ್ನು ಚೇಟ್ಟ ಅಂತ ಕರೆದೆವು, ಮಲಯಾಳದಲ್ಲಿ ಅಣ್ಣ ಅಂತ ಅರ್ಥ. ಅವರ ಅಜ್ಜ ಕೋಟ್ಟಯಂ ಕಡೆಯಿಂದ ಬಂದವರು. ಈ ಗುಡ್ಡದ ಸಾಲಿನ ಕತೆಯೇ ಅದು. 1943ರಲ್ಲಿ ಕೆಳಗೆ ರಾಜಪುರಂನಲ್ಲಿ ವಲಸೆಯವರು ನೆಲೆಸಿದರು. ರಾಣಿಪುರಂಗೆ ಆಗ ಮಾಡತ್ತುಮಲ ಅಂತ ಹೆಸರು. 1970ರಲ್ಲಿ ಕೋಟ್ಟಯಂ ಕ್ರೈಸ್ತ ಧರ್ಮಪ್ರಾಂತದವರು ಈ ಜಾಗ ಕೊಂಡು ಕುಟುಂಬಗಳನ್ನು ತಂದ ಮೇಲೆ ಮೇರಿ ಮಾತೆಯ ನೆನಪಿಗೆ ಈಗಿನ ಹೆಸರು ಬಂತು. "ಅಜ್ಜ ಬಂದಾಗ ರಸ್ತೆ ಇರಲಿಲ್ಲ. ಕಪ್ಪ, ಅಂದರೆ ಮರಗೆಣಸು ನೆಟ್ಟರು, ಹಂದಿ ತಿಂದಿತು. ಮತ್ತೆ ನೆಟ್ಟರು" ಅಂದರು ಚೇಟ್ಟ. ಕಾಳುಮೆಣಸು ಮಾರಲು ಸುಳ್ಯಕ್ಕೆ ಹೋಗಿ ಬಂದು ಅವರಿಗೂ ಕನ್ನಡ ಬರುತ್ತದೆ.

ಡೇರೆ ಹಾಕುವಾಗ ಅವರು ಎರಡು ಮಾತು ಹೇಳಿದರು. ಬಾಳೆಗೊನೆ, ಹಣ್ಣು, ಉಪ್ಪು ಡೇರೆಯೊಳಗೆ ಇಡಬೇಡಿ, ವಾಸನೆಗೆ ಆನೆ ಬಂದೀತು. ಎಲ್ಲ ತಿಂಡಿ ಮನೆಯೊಳಗೆ ಹೋಯಿತು. ಎರಡನೆಯದು, ರಾತ್ರಿ ಎದ್ದರೆ ಒಬ್ಬರೇ ಅಂಗಳ ದಾಟಬೇಡಿ. ಅದನ್ನೂ ಪಾಲಿಸಿದೆವು.

ಅಂಗಳದ ಮೇಲ್ಗಡೆ ತುಸು ಇಳಿಜಾರಿದ್ದಲ್ಲಿ ಡೇರೆಗಳು ಎದ್ದವು. ಸಮತಟ್ಟು ಜಾಗ ಕಣ್ಣಿಗೆ ಚಂದ ಕಾಣುತ್ತದೆ, ಮಳೆ ಬಂದರೆ ನೀರು ನಿಲ್ಲುವುದು ಅಲ್ಲೇ. ಅಡಿಗೆ ಹಾಸಿದ ಟರ್ಪಾಲು ಡೇರೆಗಿಂತ ಒಂದಿಷ್ಟೂ ಹೊರಗೆ ಚಾಚಬಾರದು. ಚಾಚಿದರೆ ಮೇಲಿಂದ ಇಳಿದ ನೀರು ಅದರ ಮೇಲೆ ಬಿದ್ದು ನೇರ ಡೇರೆಯಡಿಗೆ ಹೋಗುತ್ತದೆ. ಅಕ್ಕನ ಮಗಳು ಮಂಡಿಯೂರಿ ಸುತ್ತ ಹೋಗಿ ಒಂದೊಂದು ಅಂಚನ್ನೂ ಒಳಗೆ ಮಡಚಿದಳು. ಅವಳ ಬೆರಳ ತುದಿಯೆಲ್ಲ ಕೆಂಪು. ಗೂಟ ಇಳಿಯದ ಕಡೆ ಹಗ್ಗಕ್ಕೆ ಕಲ್ಲು ಕಟ್ಟಿದೆವು.

ಮೂರು ಗಂಟೆಗೆ ಸರಿಯಾಗಿ ಮಳೆ ಬಂತು. ನಾವು ಜಗಲಿಯಲ್ಲಿದ್ದೆವು. ಚೇಟ್ಟನ ಹೆಂಡತಿ, ನಮಗೆಲ್ಲ ಚೇಚಿ (ಅಕ್ಕ), ದೊಡ್ಡ ತಪ್ಪಲೆಯಲ್ಲಿ ಬೇಯಿಸಿದ ಕಪ್ಪ ತಂದಿಟ್ಟರು. ಅದಕ್ಕೆ ಗಾಂಧಾರಿ ಮೆಣಸು, ಸಣ್ಣ ಉಳ್ಳಿ, ಉಪ್ಪು ಅರೆದು ತೆಂಗಿನೆಣ್ಣೆ ಹಾಕಿದ ಚಟ್ನಿ. ಬೆರಳಲ್ಲಿ ಮುಟ್ಟಿದಷ್ಟಕ್ಕೇ ಕಿವಿ ಬಿಸಿಯಾಗುವ ಖಾರ. ಜೊತೆಗೆ ಹಾಲಿಲ್ಲದ ಕಟ್ಟನ್ ಚಾಯ. ಆ ಚಳಿಗೆ, ಆ ಮಳೆಗೆ ಬೇರೆ ಯಾವ ತಿಂಡಿಯೂ ಸರಿಹೊಂದುತ್ತಿರಲಿಲ್ಲ. ಟೀಚರಮ್ಮ ಚಟ್ನಿಯ ಅಳತೆ ಕೇಳಿ ಬರೆದುಕೊಂಡರು.

ರಾತ್ರಿ ಗೆರಟೆಯ ಕೆಂಡದ ಮೇಲೆ ಕುಚ್ಚಲಕ್ಕಿ ಗಂಜಿ. ಮಿಡಿ ಉಪ್ಪಿನಕಾಯಿ, ಸುಟ್ಟ ಹಲಸಿನ ಹಪ್ಪಳ. ಡೇರೆಯೊಳಗೆ ಒಂದು ಹನಿ ನೀರು ಬಂದಿರಲಿಲ್ಲ.

ಎರಡನೆಯ ದಿನ: ಹುಲ್ಲುಬೆಟ್ಟ

ಐದೂವರೆಗೆ ಎದ್ದಾಗ ಎದುರಿನ ಗುಡ್ಡ ಇರಲಿಲ್ಲ. ಮಂಜು. ಚೇಟ್ಟ ತಲೆಗೆ ದೀಪ ಕಟ್ಟಿಕೊಂಡು ಆಗಲೇ ರಬ್ಬರ್ ತೋಟಕ್ಕೆ ಹೋಗಿದ್ದರು. ತಣ್ಣಗಿರುವ ಹೊತ್ತಿಗೆ ಕೀಸಿದರೆ ಹಾಲು ಚೆನ್ನಾಗಿ ಇಳಿಯುತ್ತದೆ. ಪುಟ್ಟು, ಕಡಲೆ ತಿಂದು, ಅವಲಕ್ಕಿ ಬೆಲ್ಲ ಕಟ್ಟಿಕೊಂಡು ಟಿಕೆಟ್ ಕೊಡುವ ಜಾಗಕ್ಕೆ ಹೋದೆವು.

ಉಂಬಳದ, ಅಂದರೆ ರಕ್ತ ಹೀರುವ ಜಿಗಣೆಯ ತಯಾರಿ ಅಲ್ಲಿಯೇ ಆಯಿತು. ಪ್ಯಾಂಟಿನ ಕಾಲು ಸಾಕ್ಸಿನೊಳಗೆ. ಸಾಕ್ಸಿನ ಮೇಲೆ ಸುಣ್ಣ, ಹೊಗೆಸೊಪ್ಪಿನ ಪುಡಿ ಕಲಸಿ ಹಚ್ಚಿದ್ದು. ಒಬ್ಬೊಬ್ಬರ ಕೈಯಲ್ಲಿ ಒಂದು ಕೋಲು, ಅದರ ತುದಿಗೆ ಬಟ್ಟೆಯಲ್ಲಿ ಕಟ್ಟಿದ ಉಪ್ಪಿನ ಗಂಟು. ಬಗ್ಗದೆಯೇ ಉಂಬಳಕ್ಕೆ ಮುಟ್ಟಿಸಬಹುದು, ಮಾಷ್ಟ್ರ ಮೊಣಕಾಲಿಗೂ ಅನುಕೂಲ.

ಹೊರಡುವಾಗ ಅರಣ್ಯ ಇಲಾಖೆಯ ವಾಚರ್ ಒಬ್ಬರು ಕೈ ಅಡ್ಡ ಹಿಡಿದರು. ಮೇಲೆ ಹುಲ್ಲಿನಲ್ಲಿ ಆನೆ ಕಂಡಿದೆ, ಅದು ಕಣಿವೆಗೆ ಇಳಿಯುವವರೆಗೆ ಯಾರನ್ನೂ ಬಿಡುವುದಿಲ್ಲ. ಹುಡುಗಿಯರ ಮುಖ ಸಣ್ಣಗಾಯಿತು. ನನ್ನ ಗಂಡ ವಾಚನ್ನು ಎರಡೆರಡು ಸಲ ನೋಡಿದರು. ವಾಚರ್ ನಮ್ಮ ಪಕ್ಕದಲ್ಲೇ ಕಲ್ಲಿನ ಮೇಲೆ ಕುಳಿತು ಮಾತಿಗಿಳಿದರು. ಈ ಕಾಡು ಕರ್ನಾಟಕದ ಕಾಡಿಗೆ ಹೊಂದಿಕೊಂಡೇ ಇದೆ, ಆನೆಗಳಿಗೆ ಗಡಿ ಇಲ್ಲ. ಮಳೆ ಬಿಟ್ಟ ಮೇಲೆ ಎಳೆ ಹುಲ್ಲಿಗೆ ಮೇಲೆ ಬರುತ್ತವೆ. "ಆನೆ ಕಂಡರೆ ಫೋಟೋ ಬೇಡ, ಶಬ್ದ ಬೇಡ. ಬಂದ ದಾರಿಯಲ್ಲೇ ಹಿಂದೆ ಬನ್ನಿ. ಅದಕ್ಕೆ ದಾರಿ ಬಿಟ್ಟುಕೊಟ್ಟರೆ ಅದು ನಿಮ್ಮ ತಂಟೆಗೆ ಬರುವುದಿಲ್ಲ." ಅವರು ಮಲಯಾಳದಲ್ಲಿ ಹೇಳಿದ್ದನ್ನು ಭಾವ ಮಕ್ಕಳಿಗೆ ಕನ್ನಡದಲ್ಲಿ ಹೇಳಿದರು. ಆ ಒಂದು ಗಂಟೆ ಕಾದದ್ದು ವ್ಯರ್ಥ ಅಂತ ನನಗೆ ಅನ್ನಿಸಲಿಲ್ಲ. ಎಂಟೂವರೆ ದಾಟಿದ ಮೇಲೆ ಬಿಟ್ಟರು.

ದಾರಿ ಸುಮಾರು ಎರಡೂವರೆ ಕಿ.ಮೀ. ಮೊದಲಿಗೆ ದಟ್ಟ ಕಾಡು. ಬೇರುಗಳು ಮೆಟ್ಟಿಲಿನ ಹಾಗೆ ಅಡ್ಡಡ್ಡ ಇವೆ, ಒದ್ದೆ ಎಲೆಯಿಂದ ಜಾರುತ್ತವೆ. ಮಾಷ್ಟ್ರು ಮುಂದೆ, ಅವರ ಹಿಂದೆ ನನ್ನ ಮಗ. ನೂರು ಹೆಜ್ಜೆಗೊಮ್ಮೆ ನಿಲ್ಲುವುದು, ನಿಂತಲ್ಲಿ ಏನಾದರೂ ತೋರಿಸುವುದು. ಆನೆ ಲದ್ದಿಯೊಂದರ ಮೇಲೆ ಬಿಳಿ ಅಣಬೆ ಎದ್ದಿತ್ತು, ಪಕ್ಕದಲ್ಲಿ ಮೊಳಕೆಯೊಡೆದ ಯಾವುದೋ ಬೀಜ. ಮಾಷ್ಟ್ರು ಕೋಲಿನಲ್ಲಿ ತೋರಿಸಿ, "ನೋಡು, ಇದು ಗೊಬ್ಬರದೊಟ್ಟಿಗೇ ಬಿತ್ತನೆ" ಅಂದರು. ಹೀಗೆ ನಿಂತು ನಿಂತು ಹೋದದ್ದರಿಂದ ಯಾರಿಗೂ ಏದುಸಿರು ಬರಲಿಲ್ಲ.

ಉಂಬಳ ಹತ್ತಿದ್ದು ಭಾವನಿಗೆ. ಸಾಕ್ಸಿನ ಹೆಣಿಗೆಯ ಸಣ್ಣ ಸಂದಿಯಲ್ಲಿ ದಾರದ ಹಾಗೆ ತೆಳ್ಳಗೆ ನುಸುಳಿ, ಒಳಗೆ ಹೋಗಿ ಹುಣಸೆ ಬೀಜದಷ್ಟು ಊದಿತ್ತು. ಎಳೆದು ಕಿತ್ತರೆ ಗಾಯ ದೊಡ್ಡದಾಗುತ್ತದೆ. ಉಪ್ಪಿನ ಗಂಟು ಒತ್ತಿದ ಕೂಡಲೇ ಸುರುಳಿ ಸುತ್ತಿ ಬಿತ್ತು. ರಕ್ತ ಮಾತ್ರ ಅರ್ಧ ಗಂಟೆ ನಿಲ್ಲಲಿಲ್ಲ. ರಕ್ತ ಹೆಪ್ಪುಗಟ್ಟದ ಹಾಗೆ ಮಾಡುವ ಅಂಶ ಅದರ ಜೊಲ್ಲಿನಲ್ಲಿ ಇರುತ್ತದೆ, ಹೆದರಬೇಕಾದ್ದಲ್ಲ. ಟೀಚರಮ್ಮ ತೊಳೆದು, ಹತ್ತಿ ಒತ್ತಿ, ಪಟ್ಟಿ ಕಟ್ಟಿದರು.

ಕಾಡು ಒಮ್ಮೆಲೇ ಮುಗಿಯುತ್ತದೆ. ಕೊನೆಯ ಮರ ದಾಟಿದರೆ ಎದುರಿಗೆ ಬರೀ ಹುಲ್ಲು, ಬರೀ ಆಕಾಶ. ಅಷ್ಟು ಹೊತ್ತು ಮಾತಾಡುತ್ತಿದ್ದ ಹುಡುಗಿಯರು ಸುಮ್ಮನಾದರು. ಸೊಂಟದೆತ್ತರದ ಹುಲ್ಲು, ಗಾಳಿ ಬಂದ ಕಡೆಗೆಲ್ಲ ಬಾಗಿ ಏಳುತ್ತಿತ್ತು. ಬೆಟ್ಟದ ಮಡಿಕೆಗಳಲ್ಲಿ ಮಾತ್ರ ಕಪ್ಪುಹಸಿರು ಶೋಲಾ ಕಾಡು. ಮಳೆನೀರನ್ನು ಹುಲ್ಲು ತಡೆದು ಹಿಡಿಯುತ್ತದೆ, ಶೋಲಾ ಅದನ್ನು ಬೇಸಗೆಯವರೆಗೆ ಸ್ವಲ್ಪಸ್ವಲ್ಪವೇ ಬಿಡುತ್ತದೆ. ಕೆಳಗಿನ ತೊರೆಗಳು ಬದುಕುವುದು ಇದರಿಂದಲೇ. ಮೂಡಣಕ್ಕೆ ತಿರುಗಿದರೆ ಕೊಡಗಿನ ಬೆಟ್ಟಗಳು ಒಂದರ ಹಿಂದೆ ಒಂದು. ಅಲ್ಲಿಂದ ಇಲ್ಲಿಯವರೆಗೆ ಅದೇ ಹಸಿರು. ರಾಜ್ಯದ ಗೆರೆ ಎಲ್ಲಿ ಹೋಗುತ್ತದೆ ಅಂತ ಹೇಳಲು ಯಾರಿಂದಲೂ ಆಗಲಿಕ್ಕಿಲ್ಲ.

ಕೊನೆಯ ಏರು ಕಡಿದು. ಟೀಚರಮ್ಮ ನಡುವೆ ಕುಳಿತರು, "ನೀವು ಹೋಗಿ ಬನ್ನಿ" ಅಂದರು. ಮಾಷ್ಟ್ರು ಒಪ್ಪಲಿಲ್ಲ. "ಹತ್ತು ಹೆಜ್ಜೆ ನಡಿ, ಮತ್ತೆ ಕೂರು. ನಮಗೆ ಎಂಥ ಬಸ್ಸು ಹಿಡೀಲಿಕ್ಕುಂಟಾ?" ಹಾಗೆ ಹತ್ತು ಹತ್ತು ಹೆಜ್ಜೆಯಲ್ಲಿ ಎಲ್ಲರೂ ತುದಿ ಮುಟ್ಟಿದೆವು. ಮೇಲೆ ಕುಳಿತು ಅವಲಕ್ಕಿ ಬೆಲ್ಲ ತಿಂದು, ಬಾಟಲಿಯಲ್ಲಿ ತಂದ ಪುನರ್ಪುಳಿ ಶರಬತ್ತು ಕುಡಿದೆವು. ಗಾಳಿ ಎಷ್ಟಿತ್ತೆಂದರೆ ಮಾತು ಪಕ್ಕದವರಿಗೆ ಕೇಳುತ್ತಿರಲಿಲ್ಲ.

ಹನ್ನೊಂದೂವರೆಗೆ ಪಡುವಣದಲ್ಲಿ ಮೊದಲ ಬಿಳಿ ಮೋಡ ಎದ್ದಿತು. ನೋಡುತ್ತಿದ್ದ ಹಾಗೆಯೇ ಅದರ ತಲೆ ಮೇಲೆ ಮೇಲೆ ಹೋಯಿತು, ಬುಡ ಕಪ್ಪಾಯಿತು. ಮಗ ಮಾಷ್ಟ್ರ ಕೈ ಹಿಡಿದು, "ನೀವು ಬರೆದ ಚಿತ್ರದ್ದೇ ಮೋಡ ಅಲ್ವಾ?" ಅಂತ ಕೇಳಿದ. ಹುಡುಗಿಯರಿಗೆ ಇನ್ನೂ ಅರ್ಧ ಗಂಟೆ ಬೇಕಿತ್ತು. ಭಾವ ಸೀಟಿ ಊದಿಬಿಟ್ಟರು. ಬೋಳು ಬೆಟ್ಟದ ಮೇಲೆ ಸಿಡಿಲಿನ ಹೊತ್ತಿಗೆ ಮನುಷ್ಯನೇ ಎಲ್ಲಕ್ಕಿಂತ ಎತ್ತರದ ವಸ್ತು. ಒಂಟಿಮರದ ಅಡಿಯೂ ಅಷ್ಟೇ ಅಪಾಯ. ಇದರಲ್ಲಿ ಚೌಕಾಶಿ ಇಲ್ಲ.

ಇಳಿಯುವುದಕ್ಕೆ ಹತ್ತುವಷ್ಟೇ ಹೊತ್ತು ಬೇಕಾಯಿತು. ಜಾರುವ ಜಾಗದಲ್ಲೆಲ್ಲ ಮಾಷ್ಟ್ರಿಗೆ ಒಬ್ಬರು ಹೆಗಲು ಕೊಟ್ಟರು. ಕೆಳಗೆ ಬಂದಾಗ ಒಂದೂಕಾಲು. ಟಿಕೆಟ್ ಕೊಡುವಲ್ಲಿ ಕಣ್ಣೂರು ಕಡೆಯ ಏಳೆಂಟು ಹುಡುಗರು ನಿಂತಿದ್ದರು. ಮೋಡ ನೋಡಿ ಅವರನ್ನು ಒಳಗೆ ಬಿಟ್ಟಿರಲಿಲ್ಲ. ಅಷ್ಟು ದೂರದಿಂದ ಬೈಕಿನಲ್ಲಿ ಬಂದವರು, ಬೇಸರವಾಗದೆ ಇರುತ್ತದೆಯೇ. ರಾತ್ರಿಗೆ ಜಾಗವೂ ನೋಡಿರಲಿಲ್ಲ. ನನ್ನ ಗಂಡ ಅವರನ್ನು ಚೇಟ್ಟನ ಮನೆಗೆ ಕರೆದುಕೊಂಡು ಬಂದರು.

ಎರಡೂವರೆಗೆ ಬಂತು ನೋಡಿ ಮಳೆ. ರಬ್ಬರ್ ಶೀಟಿಗೆ ಹೊಗೆ ಹಾಕುವ ಕೋಣೆಯ ಪಕ್ಕದ ಶೆಡ್ಡಿನಲ್ಲಿ ಎಲ್ಲರೂ ಕುಳಿತಿದ್ದೆವು. ಮಿಂಚು ಕಂಡ ಕೂಡಲೇ ಮಾಷ್ಟ್ರು ಎಣಿಸಲು ಶುರು ಮಾಡಿದರು. ಮಕ್ಕಳೂ ದನಿಗೂಡಿಸಿದರು. ಮಿಂಚಿನಿಂದ ಗುಡುಗಿನವರೆಗೆ ಮೂರು ಸೆಕೆಂಡಾದರೆ ಸಿಡಿಲು ಸುಮಾರು ಒಂದು ಕಿ.ಮೀ. ದೂರ. ಮೂವತ್ತು ಎಣಿಸುವಷ್ಟರಲ್ಲಿ ಗುಡುಗಿದರೆ ಆಗಲೇ ಗಟ್ಟಿ ಕಟ್ಟಡದೊಳಗೆ ಇರಬೇಕು. ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಕಳೆಯದೆ ಹೊರಗೆ ಬರಬಾರದು. ಆದರೂ ನಾವು ಹನ್ನೆರಡು ಎಣಿಸುವವರೆಗೆ ಶೆಡ್ಡಿನಲ್ಲೇ ಇದ್ದೆವು, ಹಾಗೆ ಇರಬಾರದಿತ್ತು. ಆಮೇಲೆ ಚೇಚಿ ಎಲ್ಲರನ್ನೂ ಮನೆಯೊಳಗೆ ಕರೆದರು. ಒಂದು ಸಲ ಎರಡು ಅನ್ನುವುದರೊಳಗೆ ಗುಡುಗಿತು. ಅಕ್ಕನ ಮಗಳ ಗೆಳತಿಯೊಬ್ಬಳು ಅಕ್ಕನ ತೋಳು ಹಿಡಿದುಕೊಂಡಳು. ನಾವು ಕುಳಿತಿದ್ದ ಆ ತುದಿ ಆಗ ಕಾಣುತ್ತಲೇ ಇರಲಿಲ್ಲ. ಕಣ್ಣೂರಿನ ಹುಡುಗನೊಬ್ಬ ವಾಚರ್ ಬಿಡದೇ ಇದ್ದದ್ದು ಒಳ್ಳೆಯದಾಯಿತು ಅಂತ ಮಲಯಾಳದಲ್ಲಿ ಮೆಲ್ಲಗೆ ಹೇಳಿದ.

ಸಂಜೆ ಅಡಿಗೆ ಹದಿನೆಂಟು ಜನಕ್ಕೆ. ಅಕ್ಕಿ ಸಾಕಾಗಲಿಲ್ಲ, ಚೇಚಿ ಕೊಟ್ಟರು. ಹುಡುಗರು ತರಕಾರಿ ಹೆಚ್ಚಿದರು, ಪಾತ್ರೆ ತೊಳೆದರು, ಮಾಪಿಳ್ಳಪ್ಪಾಟ್ಟು ಹಾಡಿದರು. ಟೀಚರಮ್ಮ ಶಾಲೆಯಲ್ಲಿ ಕಲಿಸುತ್ತಿದ್ದ ಹಾಡು ಹೇಳಿದರು. ಅವರು ಹಾಡುವುದನ್ನು ನಾನು ಕೇಳಿದ್ದು ಅದೇ ಮೊದಲು.

ಮೂರನೆಯ ದಿನ: ಕಲ್ಲಪಳ್ಳಿ ದಾರಿ

ಆದಿತ್ಯವಾರ. ಚೇಟ್ಟನ ಮನೆಯವರು ಇಗರ್ಜಿಗೆ ಹೊರಟರು, ನಾವು ಕಟ್ಟಲು ಶುರು ಮಾಡಿದೆವು. ಅಂಗಳದ ಮೂಲೆಮೂಲೆ ಹೆಕ್ಕಿ ಒಂದು ಗೋಣಿ ಕಸ ಆಯಿತು, ಅದನ್ನು ನಮ್ಮ ಗಾಡಿಯಲ್ಲೇ ಹಾಕಿಕೊಂಡೆವು. ಒಲೆಯ ಬೂದಿಗೆ ನೀರು ಹೊಯ್ದು ಕೈಯಿಂದ ಮುಟ್ಟಿ ನೋಡಿದ ಮೇಲೆಯೇ ಎದ್ದೆವು.

ಪಾಣತ್ತೂರಿಗೆ ಇಳಿದರೆ ಅಲ್ಲಿ ದಾರಿ ಕವಲಾಗುತ್ತದೆ. ಒಂದು ಕರಿಕೆ ಮೇಲೆ ಭಾಗಮಂಡಲಕ್ಕೆ, ಇನ್ನೊಂದು ಕಲ್ಲಪಳ್ಳಿಯಾಗಿ ಸುಳ್ಯಕ್ಕೆ. ತಲಕಾವೇರಿ ನೋಡಿಯೇ ಹೋಗುವ ಅಂತ ಹುಡುಗಿಯರ ಆಸೆ. ಆದರೆ ಘಾಟಿಯ ಮೇಲೆ ಮಧ್ಯಾಹ್ನದ ಮಳೆ ಸಿಕ್ಕಿದರೆ ವಾಪಸು ಬರುವುದು ಕತ್ತಲೆಯಲ್ಲಿ. ಮಾಷ್ಟ್ರ ಕಾಲೂ ಬಾತಿತ್ತು. ಬೇಡ ಅಂತ ನಾನೇ ಹೇಳಿದೆ. ಅಲ್ಲಿಗೆ ಬೇರೆಯೇ ದಿನ ಇಟ್ಟುಕೊಂಡು ಹೋಗಬೇಕು.

ಕಲ್ಲಪಳ್ಳಿಯ ದಾರಿ ಕಿರಿದು, ಆದರೆ ನೆರಳಿನದ್ದು. ಗಡಿ ದಾಟಿದ್ದು ಗೊತ್ತಾದದ್ದು ಮೈಲುಗಲ್ಲಿನಲ್ಲಿ ಕನ್ನಡ ಕಂಡಾಗ. ಸುಳ್ಯದಲ್ಲಿ ನೀರುದೋಸೆ ತಿಂದು, ಜಾಲ್ಸೂರು, ಆದೂರು ದಾಟಿ ಮುಳ್ಳೇರಿಯ ಮುಟ್ಟುವಷ್ಟರಲ್ಲಿ ಮೋಡ ಮತ್ತೆ ಎದ್ದಿತ್ತು.

ಒದ್ದೆ ಡೇರೆ ಮಡಚಿಟ್ಟರೆ ಒಂದೆರಡು ದಿನದಲ್ಲಿ ಬೂಷ್ಟು ಹಿಡಿಯುತ್ತದೆ. ಮರುದಿನ ಬೆಳಗ್ಗಿನ ಬಿಸಿಲಿಗೆ ನಮ್ಮ ಅಂಗಳದಲ್ಲೇ ಎಲ್ಲವನ್ನೂ ಹರಡಿ ಒಣಗಿಸಿದೆವು. ಬಾಡಿಗೆಯ ಅಂಗಡಿಯವರು ಸೀಳಿದ ಕೋಲನ್ನು ನೋಡಿ, ಅಡಿಕೆ ಸಲಾಕೆ ಹಾಗೇ ಇರಲಿ ಅಂದರಂತೆ. ಭಾವ ಖರ್ಚಿನ ಲೆಕ್ಕ ಬರೆದು ಮನೆಮನೆಗೆ ಹಂಚಿದ್ದಾರೆ. ಚೇಚಿ ಕೊಟ್ಟ ಅಕ್ಕಿಗೆ ದುಡ್ಡು ಬೇಡ ಅಂದದ್ದರಿಂದ ಕೊಯ್ಲು ಮುಗಿದ ಮೇಲೆ ಒಂದು ಗೋಣಿ ತೆಂಗಿನಕಾಯಿ ಕಳಿಸುವುದು ಅಂತ ಮಾತಾಗಿದೆ. ಮುಂದಿನ ವರ್ಷ ಇದೇ ಹೊತ್ತಿಗೆ ಕೊನ್ನಕ್ಕಾಡಿನ ಹತ್ತಿರದ ಕೋಟಂಚೇರಿ ಬೆಟ್ಟಕ್ಕೆ. ಮಾಷ್ಟ್ರು ಆಗಲೇ ಮೊಣಕಾಲಿಗೆ ಎಣ್ಣೆ ತಿಕ್ಕಲು ಶುರು ಮಾಡಿದ್ದಾರೆ ಅಂತ ಟೀಚರಮ್ಮ ಹೇಳಿದರು.